ಕೋಳಿಮರಿಗಳ ಬಾಣಂತನ

ಮದ್ರಾಸಿನ ಚಳಿ ಅಂದರೆ ದಾವಣಗೆರೆಯ ನೆಂಟರೆಲ್ಲ ನಗುತ್ತಾರೆ. ನಗಲಿ. ಮಾರ್ಗಳಿ ತಿಂಗಳ, ಅಂದರೆ ನಮ್ಮ ಧನುರ್ಮಾಸದ, ಮಂಜಿನಲ್ಲಿ ಬೆಳಗಾಗೆದ್ದು ವಡಪಳನಿಯ ನಮ್ಮ ತಾರಸಿ ಹತ್ತಿ ಸ್ವಲ್ಪ ಹೊತ್ತು ನಿಂತು ನೋಡಲಿ, ಆಮೇಲೆ ಮಾತಾಡಲಿ. ವರ್ಷವಿಡೀ ಬೆವರುವ ಮೈಗೆ ಅಷ್ಟೇ ಸಾಕು ಹಲ್ಲು ಕಟಕಟಿಸಲು. ಅಂಥ ದಿನಗಳಲ್ಲೇ ನಾವು ಕೋಳಿಮರಿಗಳನ್ನು ಮನೆಯಿಂದ ಹೊರಗೆ ಹಾಕಬೇಕಾಯಿತು. ತೊಂಬತ್ತರ ದಶಕ ಮುಗಿಯುತ್ತಿದ್ದ ಸಮಯ. ನಾನು ತುಂಬು ಬಸುರಿ.

ಮರಿಗಳನ್ನು ತಂದ ಪುಣ್ಯಾತ್ಮರು ನಮ್ಮ ಯಜಮಾನರು. ಹುಟ್ಟುವ ಮಗುವಿಗೆ ತೊಟ್ಟಿಲಿನ ಬಟ್ಟೆ ತನ್ನಿ ಅಂತ ಪುರಸೈವಾಕ್ಕಂ ಪೇಟೆಗೆ ಕಳಿಸಿದರೆ, ಗುಲಾಬಿ, ಹಸಿರು ಬಣ್ಣ ಬಳಿದ ಕೋಳಿಮರಿಗಳನ್ನು ಬುಟ್ಟಿಯಲ್ಲಿ ಹಿಡಿದು ಬಂದರು. ರಸ್ತೆ ಬದಿ ಮಾರುತ್ತಿದ್ದರಂತೆ, ಬಿಸಿಲಿಗೆ ಸಾಯುತ್ತಿದ್ದವಂತೆ, ಕರುಳು ಚುರುಕ್ಕೆಂದಿತಂತೆ.

"ಅಯ್ಯೋ ಶಿವನೇ! ಲಿಂಗವಂತರ ಮನೆಗೆ ಕೋಳಿ ತಂದಿದೀಯಲ್ಲೋ! ನಿನ್ನ ತಲೆ ನೆಟ್ಟಗಿದೆಯಾ?" ಅಂತ ನಮ್ಮತ್ತೆ ಹಣೆ ಹಣೆ ಚಚ್ಚಿಕೊಂಡರು. ಚಚ್ಚಿಕೊಳ್ಳುತ್ತಲೇ ರಟ್ಟಿನ ಡಬ್ಬ ಹುಡುಕಿದರು, ಅದರ ಮೇಲೆ ಬಲ್ಬು ನೇತು ಹಾಕಿಸಿದರು, ಅಕ್ಕಿನುಚ್ಚು ತಂದು ಉದುರಿಸಿದರು. ಬೈಗುಳ ಮುಗಿಯುವ ಹೊತ್ತಿಗೆ ಮರಿಗಳ ಹೊಟ್ಟೆ ತುಂಬಿತ್ತು. ಅವರ ಈ ಗುಣಕ್ಕೆ ನಾನು ಮೊದಲಿಂದಲೂ ಸೋತವಳು.

ಡಬ್ಬ ಇಟ್ಟದ್ದು ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ. ಮುಂದೆ ಅದೇ ನನ್ನ ಬಾಣಂತಿ ಕೋಣೆ ಆಗಬೇಕಿತ್ತು. ನನಗೆ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನ ಅತ್ತೆಯದೇ. ಅವರ ಬಾಣಂತನ ಅಂದರೆ ಕೇಳಬೇಡಿ! ಕಿಟಕಿಗಳಿಗೆಲ್ಲ ಪೇಪರು ಅಂಟಿಸಿ, ಬಾಗಿಲು ಜಡಿದು, ಮಂಚದ ಕೆಳಗೆ ಕೆಂಡ, ಮೇಲೆ ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಒಂದೆಳೆ ಗಾಳಿ ಒಳಗೆ ಸುಳಿಯಕೂಡದು. ಆ ಕೋಣೆಯಲ್ಲೇ ಬಾಣಂತನ ಮಾಡಿಸಿಕೊಂಡಿದ್ದ ನನ್ನ ನಾದಿನಿ, "ಉಸಿರು ಕಟ್ಟಿ ಸತ್ತೇ ಹೋಗ್ತೀನಿ ಅನ್ನಿಸ್ತಿತ್ತು ಅತ್ತಿಗೆ. ಅಮ್ಮನ್ನ ಬೇಡ್ಕೊಂಡೆ, ಕೇಳ್ಲೇ ಇಲ್ಲ" ಅಂದಿದ್ದಳು. ನಾನೋ, ಬಚ್ಚಲುಮನೆ ಬಾಗಿಲು ಹಾಕಿಕೊಂಡರೂ ಎದೆ ಡವಗುಟ್ಟುವ ಜೀವ. ಆ ಕೋಣೆ ನೆನೆದರೆ ಹೆರಿಗೆಯ ಹೆದರಿಕೆಯೇ ಮರೆತುಹೋಗುತ್ತಿತ್ತು. ಒಂದು ದಿನ ಧೈರ್ಯ ಮಾಡಿ, "ಒಂದೇ ಒಂದು ಕಿಟಕಿ ತೆಗೆದಿರಲಿ ಅತ್ತೆ" ಅಂದೆ.

"ನಾಲ್ಕು ಹೆತ್ತು, ಬೀದಿಯವರಿಗೆಲ್ಲ ಬಾಣಂತನ ಮಾಡಿದ ಕೈ ಇದು. ನಂಗೇ ಪಾಠ ಹೇಳ್ತೀಯಾ?" ಅಂದರು. ಒಳಗೊಳಗೇ ಕುದಿಯುತ್ತ ಅಡುಗೆಮನೆಗೆ ಹೋದೆ.

ಇತ್ತ ಮರಿಗಳಲ್ಲಿ ಉಳಿದದ್ದು ನಾಲ್ಕು. ಅವಕ್ಕೆ ರೆಕ್ಕೆ ಬಲಿತು, ಡಬ್ಬದಿಂದ ಹಾರಿ ಗ್ಯಾಸ್ ಒಲೆಯ ಮೇಲೇ ಸವಾರಿ ಶುರುವಾಯಿತು. ಕೋಣೆ ತೊಳೆದು ಸುಣ್ಣ ಹೊಡೆಸುವ ಹೊತ್ತೂ ಬಂದಿತ್ತು. ಯಜಮಾನರು ಸ್ಟುಡಿಯೋ ಹತ್ತಿರದ ಗುಜರಿಯಿಂದ, ಯಾವುದೋ ಸಿನಿಮಾ ಸೆಟ್ಟಿನಿಂದ ಕಿತ್ತ ಪ್ಲೈವುಡ್ ತಂದು ತಾರಸಿಯಲ್ಲಿ ಗೂಡು ಕಟ್ಟಿದರು. ಅದರ ಒಂದು ಗೋಡೆಯ ಮೇಲೆ ಅರಮನೆಯ ಕಿಟಕಿಯ ಚಿತ್ರ, ರೇಷ್ಮೆ ಪರದೆ ಸಮೇತ. ಮುಂದೆ ತಂತಿಬಲೆಯ ಬಾಗಿಲು.

ಅತ್ತೆ ಅವಸರ ಮಾಡಲಿಲ್ಲ. ಕೆಲವು ದಿನ ಮರಿಗಳನ್ನು ಹಗಲು ಮಾತ್ರ ಮೇಲೆ ಬಿಟ್ಟು, ಸಂಜೆ ಮಡಿಲಲ್ಲಿ ತುಂಬಿಕೊಂಡು ಇಳಿಸಿದರು. ಮೊಣಕಾಲು ನೋವಿನ ಹೆಂಗಸು, ಆ ಕಡಿದಾದ ಮೆಟ್ಟಿಲು! "ಮೈ ಕೊಂಜ ಕೊಂಜವಾಗಿ, ಸ್ವಲ್ಪ ಸ್ವಲ್ಪವಾಗಿ ಪಳಗ್ಬೇಕು ಕಣೇ" ಅಂತ ತಮಿಳು ಬೆರೆಸಿ ಅನ್ನುತ್ತಿದ್ದರು. ಪಕ್ಕದ ತಾರಸಿಯ ಹೆಂಗಸು ತಮಾಷೆಗೆ "ಎನ್ನಮ್ಮಾ, ಕೊಳಂಬು ಎಪ್ಪೋ?" ಅಂತ ಕೋಳಿಸಾರಿನ ಮಾತೆತ್ತಿದ್ದಕ್ಕೆ ಪೊಂಗಲ್ ಹಬ್ಬದವರೆಗೂ ಅವಳ ಜೊತೆ ಮಾತು ಬಿಟ್ಟರು.

ಕೊನೆಗೆ ಮರಿಗಳು ರಾತ್ರಿಯೂ ಮೇಲೇ ಇರಬೇಕಾದ ದಿನ ಬಂತು. ಆ ಸಂಜೆ ಅತ್ತೆ ಮಾಡಿದ ಸಿದ್ಧತೆ ನೋಡಬೇಕಿತ್ತು. ಸಾಂಬ್ರಾಣಿ ಹೊಗೆ ಹಾಕಿದರು. ಹಲಗೆಯ ಸಂದುಗಳಿಗೆಲ್ಲ ಹಳೆ ಸೀರೆ ತುರುಕಿದರು. ತಂತಿಬಲೆಗೆ ಗೋಣಿಚೀಲ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಸುತ್ತಲೂ ಹಗ್ಗ. ಸಾಕ್ಷಾತ್ ಬಾಣಂತಿ ಕೋಣೆ! "ಇನ್ನು ಚಳೀನೂ ಇಲ್ಲ, ಶೀತಾನೂ ಇಲ್ಲ" ಅಂತ ಕೈ ಒದರಿಕೊಂಡು ಇಳಿದರು.

ಬೆಳಗ್ಗೆ ಅವರ ಹಿಂದೆಯೇ ನಾನೂ ಹೊಟ್ಟೆ ಹಿಡಿದುಕೊಂಡು ಹತ್ತಿದೆ. ಅತ್ತೆ ಹಗ್ಗ ಬಿಚ್ಚಿದರು. ಹುಳಿ ನಾತ ಮುಖಕ್ಕೆ ರಾಚಿತು. ಪ್ಲಾಸ್ಟಿಕ್ಕಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಾಸಿದ್ದ ಹೊಟ್ಟು ಒದ್ದೆ ಮುದ್ದೆ. ಮೂರು ಮರಿ ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ರೆಕ್ಕೆಯ ತುದಿಯಲ್ಲಿ ಇನ್ನೂ ಹಸಿರು ಉಳಿದಿದ್ದ ಮರಿ ಕತ್ತು ಚೆಲ್ಲಿ ಬಿದ್ದಿತ್ತು.

ಅತ್ತೆ ಅದನ್ನೆತ್ತಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಮಂಜು ಬೀಳ್ತಿದೆ ಅತ್ತೆ, ಮರಿಗೆ ಸೆರಗು ಮುಚ್ಚಿ" ಅಂದೆ. "ಬೇಡ, ಗಾಳಿ ಆಡ್ಲಿ" ಅಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಬರಿಯ ಅಂಗೈ ಮೇಲೆ, ತೆರೆದ ಚಳಿಯಲ್ಲಿ ಅದನ್ನು ಹಿಡಿದು, ಅದರ ಎದೆಯನ್ನೇ ನೋಡುತ್ತ ಕೂತರು. ಎಷ್ಟೋ ಹೊತ್ತಿನ ಮೇಲೆ ಅದು ಕಣ್ಣು ಬಿಟ್ಟಿತು, ಕತ್ತೆತ್ತಿತು. ಅತ್ತೆಯ ಕಣ್ಣಲ್ಲಿ ನೀರು.

"ಚಳಿ ಏನೂ ಮಾಡಿಲ್ಲ ಕಣೇ ಇವಕ್ಕೆ. ನಾನೇ ಉಸಿರು ಕಟ್ಸಿದ್ದು" ಅಂದರು.

ಬೇರೆ ಯಾರಾಗಿದ್ದರೂ ದೃಷ್ಟಿ ತಾಗಿತು ಅನ್ನುತ್ತಿದ್ದರು, ಗ್ರಹಚಾರ ಅನ್ನುತ್ತಿದ್ದರು. ಈಕೆ ಎದ್ದವರೇ ತಾವು ತುರುಕಿದ್ದ ಸೀರೆಗಳನ್ನೆಲ್ಲ ತಾವೇ ಕಿತ್ತೆಸೆದರು. ಒದ್ದೆ ಹೊಟ್ಟು ಗುಡಿಸಿ ಒಣ ಹೊಟ್ಟು ದಪ್ಪಗೆ ಹಾಸಿದರು. ಮಗನನ್ನು ಕರೆದು, ಆ ಬಣ್ಣದ ಕಿಟಕಿಯ ಮೇಲ್ಭಾಗ ತೋರಿಸಿ, "ಇದನ್ನ ಕೊಯ್ದು ನಿಜವಾದ ಕಿಟಕಿ ಮಾಡೋ. ಗಾಳಿ ತಲೆ ಮೇಲಿಂದ ಹೋಗ್ಲಿ, ಮೈಗೆ ಹೊಡೀಬಾರ್ದು" ಅಂದರು. ಮಾರನೆಯ ಬೆಳಗ್ಗೆ ಹೋಗಿ ನೋಡಿದರೆ ನಾಲ್ಕೂ ಮರಿಗಳು ಗೂಡಿನ ಅಡ್ಡಕೋಲಿನ ಮೇಲೆ ಪುಕ್ಕ ಉಬ್ಬಿಸಿಕೊಂಡು ಒತ್ತೊತ್ತಾಗಿ ಕೂತಿದ್ದವು. ಹೊಟ್ಟು ಗರಿಗರಿಯಾಗಿತ್ತು.

ನನ್ನ ಕೋಣೆಯ ಬಗ್ಗೆ ಮಾತ್ರ ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಕೇಳಲು ನನಗೂ ಬಾಯಿ ಬರಲಿಲ್ಲ. ಪೊಂಗಲ್ ಕಳೆದ ಮೇಲೆ ಹೆರಿಗೆಯಾಯಿತು, ಹೆಣ್ಣುಮಗು. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ದಾರಿಯುದ್ದಕ್ಕೂ ನನಗೆ ಆ ಕೋಣೆಯದೇ ಚಿಂತೆ.

ಒಳಗೆ ಕಾಲಿಟ್ಟೆ. ಸುಣ್ಣದ ವಾಸನೆ. ಕೆಳಗಿನ ಕಿಟಕಿಗೆ ಪೇಪರು ಅಂಟಿತ್ತು. ಸೂರಿನ ಹತ್ತಿರದ ಮೇಲಿನ ಕಿಟಕಿ ಮಾತ್ರ ಪೂರ್ತಿ ತೆರೆದಿತ್ತು, ಅದಕ್ಕೊಂದು ಸೊಳ್ಳೆಪರದೆ ಹೊಡೆಸಿದ್ದರು. ತಾರಸಿಯ ಕೋಳಿಗಳ ಸದ್ದು ಸಣ್ಣಗೆ ಒಳಗೆ ಬರುತ್ತಿತ್ತು. ನಾನು ಎದೆ ತುಂಬ ಉಸಿರೆಳೆದುಕೊಂಡೆ.

ಮಗು ನೋಡಲು ಬಂದಿದ್ದ ನಾದಿನಿ, "ಅಯ್ಯೋ, ಬಾಣಂತಿ ಕೋಣೇಲಿ ಕಿಟಕಿ ಯಾರು ತೆಗೆದಿದ್ದು!" ಅಂತ ಗಾಬರಿಯಿಂದ ಸ್ಟೂಲು ಹತ್ತಿ ಕೈ ಚಾಚಿದಳು.

"ಮುಚ್ಬೇಡ" ಅಂದರು ಅತ್ತೆ, ನನ್ನ ಕಿವಿಗೆ ಹತ್ತಿ ಇಡುತ್ತ. ಅದನ್ನೇನೂ ಬಿಟ್ಟಿರಲಿಲ್ಲ. ಆಮೇಲೆ ಮಗಳ ಕಡೆ ನೋಡದೆಯೇ ಹೇಳಿದರು: "ನಿನ್ ಬಾಣಂತನದಲ್ಲಿ ನಂಗೆ ಗೊತ್ತಾಗ್ಲಿಲ್ಲ ಕಣೇ."

ನಾದಿನಿ ಸ್ಟೂಲಿನಿಂದ ಇಳಿದು ಬಂದು, ತಾಯಿಗೆ ಒರಗಿ ಕೂತಳು.