ಮೆಮೊರಿಯಲ್ಲಿಟ್ಟ ಒಂಬತ್ತು ದಿನ

ನಮ್ಮ ಕಾಲೇಜಿನ ಲ್ಯಾಬಿನ ಹಾರ್ಡ್‌ಡಿಸ್ಕುಗಳ ಹಣೆಬರಹ ನನಗೆ ಗೊತ್ತಿರುವಷ್ಟು ಹೊಳೇನರಸೀಪುರದಲ್ಲಿ ಇನ್ಯಾರಿಗೂ ಗೊತ್ತಿರಲಾರದು. ಏನು ಬರೆಯಲು ಕೊಟ್ಟರೂ ಕಟಕಟ ಹಲ್ಲು ಕಡಿದು ನಿಂತುಬಿಡುತ್ತವೆ. ಹೊಸದು ಕೊಡಿಸಿ ಎಂದು ಮೂರು ಸಲ ಅರ್ಜಿ ಬರೆದೆ. ಅರ್ಜಿಯೂ ಎಲ್ಲೋ ನಿಂತುಬಿಟ್ಟಿತು.

ನನಗೋ ಪಿಎಚ್‌ಡಿಯ ಕೊನೆಯ ಲೆಕ್ಕ ಬಾಕಿ. ತೆಂಗಿನ ರೋಗ ತೋಟದಿಂದ ತೋಟಕ್ಕೆ ಹೇಗೆ ಹಬ್ಬುತ್ತದೆಂಬ ಆ ಲೆಕ್ಕವನ್ನು ಇಪ್ಪತ್ತು ಕಂಪ್ಯೂಟರಿಗೆ ಹಂಚಿ ಮಾಡಿಸಬೇಕು. ಪ್ರಬಂಧ ಒಪ್ಪಿಸಲು ಉಳಿದದ್ದು ಎರಡೇ ವಾರ. ಡಿಸ್ಕಿನ ಸಹವಾಸವೇ ಬೇಡವೆಂದು ಸಾಫ್ಟ್‌ವೇರನ್ನೂ ಅದು ಬರೆಯುವ ಫೈಲುಗಳನ್ನೂ ನೇರ ಮೆಮೊರಿಯಲ್ಲೇ ಇಟ್ಟು ಓಡಿಸಿದೆ. ಕುದುರೆಯಂತೆ ಓಡಿತು. ಯಂತ್ರ ಆಫ್ ಆದರೆ ಎಲ್ಲ ಅಳಿಸಿಹೋಗುತ್ತದೆ, ನಿಜ. ಆದರೆ ಯುಪಿಎಸ್ ಇತ್ತು. ಬಾಗಿಲಿಗೆ ‘ಯಾರೂ ಆಫ್ ಮಾಡಬಾರದು’ ಎಂದು ಚೀಟಿಯನ್ನೂ ಅಂಟಿಸಿದ್ದೆ.

ಒಂಬತ್ತನೆಯ ದಿನ ಸಂಜೆಗೆ ಲೆಕ್ಕ ಮುಗಿಯಬೇಕಿತ್ತು. ಬೆಳಿಗ್ಗೆ ಹಾಸನದ ಬಸ್ಸಿಳಿದು ಬಂದರೆ ಲ್ಯಾಬು ಸದ್ದಿಲ್ಲದೆ ಕೂತಿದೆ. ಮರುದಿನದಿಂದ ದಸರಾ ರಜೆಯೆಂದು ಆಯುಧಪೂಜೆಯನ್ನು ಅಂದೇ ಮುಗಿಸಿದ್ದರು. ಇಪ್ಪತ್ತು ಮಾನಿಟರಿಗೂ ಕುಂಕುಮ, ಸೇವಂತಿಗೆ. ನನ್ನ ಚೀಟಿಗೂ ಒಂದು ಬೊಟ್ಟು.

“ಏನ್ರೀ ಮಾಡಿದ್ರಿ?” ಎಂದೆ.

ನಮ್ಮ ಅಟೆಂಡರು ಹಳ್ಳಿಮೈಸೂರಿನವರು, ನನಗಿಂತ ಹಿರಿಯರು. ಕೈಯಲ್ಲಿ ಇನ್ನೂ ಅರಿಶಿನವಿತ್ತು.

“ಚೀಟಿ ನೋಡ್ದೆ ಮೇಡಮ್. ಆದ್ರೆ ಓದ್ ವರ್ಸ ಪೂಜೆ ಒತ್ನಲ್ಲಿ ಒಂದು ಮಿಸನ್ನು ಓಡ್ತಿತ್ತು ಅಂತ ನೀವೇ ಬೈದಿದ್ರಲ್ಲ. ಪೂಜೆಗೆ ಕೂರ್ಸಿದ ಆಯುಧ ಓಡಬಾರ್ದು ಅಂದಿದ್ರಿ. ಅದ್ಕೇ ಒಂದೊಂದಾಗಿ ನಿಧಾನಕ್ಕೆ ಆಫ್ ಮಾಡ್ದೆ.”

ಬೈದಿದ್ದೆ. ಪುರೋಹಿತರ ಮನೆಯಲ್ಲಿ ಹುಟ್ಟಿದ ಗತ್ತಿನಲ್ಲಿ ನಾಲ್ಕು ಜನರೆದುರಿಗೇ ಬೈದಿದ್ದೆ. ಮಾಡಿದ್ದುಣ್ಣೋ ಮಹರಾಯ. ದಿನಕ್ಕೊಮ್ಮೆ ಪೆನ್‌ಡ್ರೈವಿಗೆ ಇಳಿಸಿಕೊಳ್ಳಲು ನನಗೇನು ದಾಡಿಯಾಗಿತ್ತೋ ಕಾಣೆ. ವಿದ್ಯಾರ್ಥಿಗಳಿಗೆ ಮೊದಲ ಪಾಠದಲ್ಲೇ ಅದನ್ನು ಹೇಳಿಕೊಡುವವಳು ನಾನು. ಅಟೆಂಡರ ಮೇಲೆ, ಡಿಸ್ಕುಗಳ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ ಮೈ ಉರಿಯಿತು. ಮತ್ತೆ ಒಂಬತ್ತು ದಿನ ಬೇಕು; ಉಳಿದಿದ್ದು ಐದು. ರಜೆ ಮುಗಿಯುವವರೆಗೆ ಲ್ಯಾಬಿಗೆ ಬೀಗ ಬೇರೆ.

ಅಟೆಂಡರು ಕಡಲೆಪುರಿಯ ಪೊಟ್ಟಣವನ್ನು ನನ್ನ ಕೈಗಿಟ್ಟರು.

“ಯಾಕ್ ಮೇಡಮ್ ಸಪ್ಪಗಾದ್ರಿ? ರಜ ಮುಗ್ಸ್ಕಂಡು ಬಂದು ಆನ್ ಮಾಡಿ. ನಾನು ಏನೂ ಮುಟ್ಟಿಲ್ಲ. ಎಲ್ಲಾ ನೀವು ಇಟ್ಟಂಗೇ ಐತೆ.”

“ಹೂಂ” ಎಂದು ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡೆ. ಆಮೇಲೆ, ಇನ್ನೂ ಆರು ತಿಂಗಳ ಅವಧಿ ಕೊಡಿಸಿ ಎಂದು ಗೈಡನ್ನು ಕೇಳಲು ಫೋನ್ ಹಿಡಿದು ಹೊರಗೆ ಬಂದೆ.