ಭಾವನ ಬಯಲಿನ ಬೀದಿ

ನಿವೃತ್ತ ಟೀಚರೊಬ್ಬರ ಬಾಯಿಂದ ಕುರಿ ಕೂಗಿದ ದಿನ ನಾನು ಅದೇ ಕ್ಲಿನಿಕ್ಕಿನಲ್ಲಿದ್ದೆ. ದವಡೆಹಲ್ಲಿನ ಕ್ಯಾಪು ಮತ್ತೆ ಕಳಚಿ ಬಿದ್ದಿತ್ತು. ಅದನ್ನು ಕರವಸ್ತ್ರದಲ್ಲಿ ಗಂಟು ಹಾಕಿಕೊಂಡು ಸರದಿ ಕಾಯುತ್ತಿದ್ದೆ. ಟೀಚರಿಗೆ ಅಂದು ಮೇಲೂ ಕೆಳಗೂ ಹೊಸ ಹಲ್ಲಿನ ಸೆಟ್ಟು. ಕಟ್ಟಿದವರು ನನ್ನ ಭಾವ, ಅಂದರೆ ಅಕ್ಕನ ಗಂಡ. ಡಾಕ್ಟರು ಸೆಟ್ಟನ್ನು ಕೂರಿಸಿ, ಕಚ್ಚು ಸರಿಯಿದೆಯೇ ನೋಡಲು ಹಿಂದಿನ ಕೋಣೆಯಿಂದ ಭಾವನನ್ನು ಕರೆಸಿದರು. ಭಾವ ಪ್ಲಾಸ್ಟರ್ ಪುಡಿ ಮೆತ್ತಿದ ಏಪ್ರನ್ನಿನಲ್ಲೇ ಬಂದು ಕುರ್ಚಿಯ ಪಕ್ಕ ಬಗ್ಗಿದರು. “ಎಲ್ಲಿ, ಒಂದ್ಸಲ ಆ ಅನ್ನಿ” ಎಂದರು ಡಾಕ್ಟರು. ಟೀಚರ್ ಬಾಯಿ ತೆರೆದರು.

“ಮ್ಯಾಂ...ಹ್ಯಾಂ” ಎಂದು ಕೇಳಿಸಿತು.

ಟೀಚರ್ ಪಟ್ಟನೆ ಬಾಯಿ ಮುಚ್ಚಿ ಡಾಕ್ಟರನ್ನು ನೋಡಿದರು. ಡಾಕ್ಟರು ಭಾವನನ್ನು ನೋಡಿದರು. ಭಾವ ತಮ್ಮ ಏಪ್ರನ್ ಜೇಬನ್ನು ನೋಡಿಕೊಂಡರು. ಮುಂದಿನ ಮೇಜಿನಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸ ನಮ್ಮ ಅಕ್ಕನದು. ಅವಳು ತಲೆ ಎತ್ತದೆ, “ಅದು ಇವರ ಕುರಿ” ಎಂದಳು. ಅದರಿಂದ ಟೀಚರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಹೊಸ ಹಲ್ಲುಗಳ ನಡುವೆ ನಾಲಿಗೆಗೆ ಜಾಗ ಹುಡುಕುತ್ತಾ ಕೇಳಿದರು: “ಇದು ಸೆಟ್ಟಿನ ಜೊತೇಲೇ ಬರತ್ತಾ, ಇಲ್ಲ ಬೇರೆ ಹಾಕಿಸ್ಕೋಬೇಕಾ?”

ಈ ಪ್ರಸಂಗ ನಮ್ಮ ಬಳಗದಲ್ಲಿ ಈಗ ದಂತಕಥೆ. ಹಲ್ಲಿನವರ ಮನೆಯಲ್ಲಿ ಇನ್ನೆಂಥ ಕಥೆ ಹುಟ್ಟೀತು?

ಊರಿನ ಎಷ್ಟೋ ಜನ ನಗುವುದು ಭಾವ ಕೊಟ್ಟ ಹಲ್ಲಿನಿಂದ. ಆದರೆ ಅವರನ್ನು ಕಂಡವರು ಕಡಿಮೆ. ತೆರೆಮರೆಯ ಕಲಾವಿದರು ಎನ್ನುತ್ತಾರಲ್ಲ, ಭಾವ ತುಟಿಮರೆಯ ಕಲಾವಿದರು. ಕ್ಲಿನಿಕ್ಕಿನ ಹಿಂದೆ, ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದ ಒಂದೇ ಕಿಟಕಿಯ ಕೋಣೆ ಅವರದು. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಯ ಮೇಲೆ ಹೆಸರು ಚೀಟಿ ಅಂಟಿಸಿದ ಪ್ಲಾಸ್ಟರ್ ದವಡೆಗಳು, ನೂರು ಬಾಯಿಗಳಿದ್ದೂ ಮಾತಿಲ್ಲದ ಸಭೆ. ಮೇಜಿನ ಮೇಲೆ ಸ್ಪಿರಿಟ್ ದೀಪ, ಗುಲಾಬಿ ಮೇಣದ ಹಾಳೆಗಳು, ಪಾಲಿಶ್ ಮಾಡುವ ಮೋಟಾರು. ಮೂಲೆಯಲ್ಲಿ ಪ್ಲಾಸ್ಟರ್ ಕುಡಿದು ಬೆಳ್ಳಗಾದ ಒಂದು ಹಳೆಯ ಕಂಪ್ಯೂಟರು. ಊಟದ ಹೊತ್ತಿಗೆ ಭಾವ ಕೈ ತೊಳೆದು ಅದರ ಮುಂದೆ ಕೂತರೆಂದರೆ ‘ಬಯಲಿಗೆ ಹೋದರು’ ಎಂದು ಅರ್ಥ.

ಆ ಆಟಕ್ಕೆ ಅದರದೇ ಉದ್ದನೆಯ ಹೆಸರಿದೆ. ನಮ್ಮಲ್ಲಿ ಎಲ್ಲರೂ ‘ಬಯಲು’ ಎಂದೇ ಕರೆಯುವುದು, ಏಕೆಂದರೆ ಒಳಗೆ ಕಾಲಿಟ್ಟಾಗ ಇರುವುದು ಅದೊಂದೇ. ಕೊಲ್ಲಲು ಶತ್ರುವಿಲ್ಲ, ಗೆಲ್ಲಲು ಕಪ್ಪಿಲ್ಲ, ಹೀಗೆ ಮಾಡು ಎನ್ನುವವರಿಲ್ಲ. ಮಣ್ಣು, ಕಲ್ಲು, ಮರಳು, ಮರ ಎಲ್ಲ ಬಿದ್ದಿರುತ್ತವೆ. ಬೇಕಾದರೆ ಮನೆ ಕಟ್ಟಬಹುದು, ಕುರಿ ಸಾಕಬಹುದು, ಬೇಡವಾದರೆ ದಿಣ್ಣೆಯ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡಬಹುದು. ಲೋಕದ ಯಾವ್ಯಾವುದೋ ಮೂಲೆಯವರು ಹೀಗೇ ಬಂದು ಕೂರುತ್ತಾರೆ. ಭಾವನಿಗೆ ಅಲ್ಲೊಬ್ಬ ಗೆಳೆಯನಿದ್ದಾನೆ. ಅವನ ಭಾಷೆ ಇವರಿಗೆ ಬಾರದು, ಇವರದು ಅವನಿಗೆ. ಎದುರಾದಾಗ ಇಬ್ಬರೂ ಇದ್ದಲ್ಲೇ ಜಿಗಿಯುತ್ತಾರೆ, ಅದೇ ನಮಸ್ಕಾರ. ವರ್ಷಗಟ್ಟಲೆ ಜಿಗಿದಿದ್ದಾರೆ, ಒಂದು ದಿನವೂ ಮನಸ್ತಾಪವಿಲ್ಲ. ಮಾತು ಬಾರದ ಗೆಳೆತನಕ್ಕೆ ಆಯುಸ್ಸು ಜಾಸ್ತಿಯಿರಬೇಕು.

ಆದರೆ ಆಟಕ್ಕೂ ವಯಸ್ಸಾಗಿದೆ, ಅದರ ಹಲ್ಲೂ ಅಲ್ಲಾಡುತ್ತಿದೆ. ಸೂರ್ಯ ಚೌಕಾಕಾರ. ಏಣಿ ಹತ್ತಿದವರು ಒಮ್ಮೊಮ್ಮೆ ಗೋಡೆಯೊಳಗೆ ಸಿಕ್ಕಿಹಾಕಿಕೊಂಡು, ಕಂಪ್ಯೂಟರು ಆರಿಸಿ ಹಚ್ಚುವ ತನಕ ಅಲ್ಲೇ ನಿಂತಿರಬೇಕು. ಮಳೆ ಬಂದರೆ ಮನೆಯೊಳಗೂ ಬರುತ್ತದೆ. ನಕ್ಷೆ ಎಂಬುದನ್ನು ಹಾಕಲು ಮರೆತೇ ಬಿಟ್ಟಿದ್ದಾರೆ. ಎಲ್ಲಕ್ಕಿಂತ ದೊಡ್ಡ ಪೀಡೆ ಬಾಗಿಲಿನದು: ಮೌಸನ್ನು ಚೂರು ಒತ್ತಿದರೆ ಬಾಗಿಲು ತೆರೆಯುತ್ತದೆ, ಒತ್ತಿ ಹಿಡಿದರೆ ಕಿತ್ತು ಬರುತ್ತದೆ. ಯಾವ ದೂರಿಗೂ ಕಂಪನಿಯಿಂದ ಬರುವ ಉತ್ತರ ಒಂದೇ: ‘ವಿಷಯ ನಮ್ಮ ಗಮನದಲ್ಲಿದೆ.’

ಇಂಥದ್ದರಲ್ಲಿ ಏನು ಕಂಡಿರಿ ಎಂದು ನಾನೊಮ್ಮೆ ಕೇಳಿದ್ದೆ. ಭಾವ ಮೇಣ ಕರಗಿಸುತ್ತಾ, “ಇಲ್ಲಿ ಕಟ್ಟಿದ್ದನ್ನ ಯಾರೂ ಚುಚ್ಚತ್ತೆ ಅಂತ ವಾಪಸ್ ತರಲ್ಲ” ಎಂದಿದ್ದರು.

ಆಟ ಹೊಸದಾಗಿದ್ದಾಗ ಕ್ಲಿನಿಕ್ಕಿಗೆ ಕ್ಲಿನಿಕ್ಕೇ ಅದರ ಹುಚ್ಚು ಹತ್ತಿಸಿಕೊಂಡಿತ್ತು. ಬಯಲಿನಲ್ಲಿ ನಮ್ಮದೇ ಒಂದು ಬೀದಿಯಾಯಿತು. ಅದರ ತಲೆಗೆ ಡಾಕ್ಟರು ಒಂದು ಗೋಪುರ ಎಬ್ಬಿಸಿದರು. ನಾನು ನಾಲ್ಕು ಗೋಡೆ ಎಬ್ಬಿಸಿ, ಬಾಗಿಲಿಟ್ಟು, ಸೂರಿನ ಹೊತ್ತಿಗೆ ಬೇಜಾರಾಗಿ ಬಿಟ್ಟೆ. ಅಕ್ಕ ಹಳದಿ ಬಾಗಿಲಿನ ಪುಟ್ಟ ಮನೆ ಕಟ್ಟಿ, ಒಂದು ಕುರಿ ಸಾಕಿ, ಅದಕ್ಕೆ ‘ಗುಂಗುರು’ ಎಂದು ಹೆಸರಿಟ್ಟಳು. ಭಾವನ ಮನೆ ಅಲ್ಲಿಂದಾಚೆ, ಒಂದು ಹಳ್ಳದ ದಡದಲ್ಲಿ. ಮೊದಲು ಬಿಟ್ಟವನು ನಾನು, ಆಮೇಲೆ ಡಾಕ್ಟರು. ಅಕ್ಕ ಬಿಟ್ಟದ್ದು ಮಾತ್ರ ಜಗಳವಾಡಿ. ಕಂಪನಿ ಯಾವುದೋ ದುರಸ್ತಿ ಮಾಡಿದ ಮರುದಿನ ಗುಂಗುರು ಅವಳ ಕಣ್ಣೆದುರೇ ಮನೆಯ ನೆಲದೊಳಗೆ ಇಳಿದುಹೋಯಿತು. ಸಾಯಲಿಲ್ಲ. ಕೆಳಗಿನಿಂದ ದನಿ ಕೇಳುತ್ತಿತ್ತು. ಅಕ್ಕ ದೂರು ಕೊಟ್ಟಳು. ಕುರಿ ನೆಲದಲ್ಲೇ ಉಳಿಯಿತು, ವಿಷಯ ಗಮನದಲ್ಲೇ ಉಳಿಯಿತು. ಅದು ಬರುವ ತನಕ ತಾನೂ ಬರುವುದಿಲ್ಲ ಎಂದು ಎದ್ದವಳು ಮತ್ತೆ ಅತ್ತ ತಿರುಗಲಿಲ್ಲ. ಗಾಯಕ್ಕೆ ಉಪ್ಪು ಎಂಬಂತೆ, ಬಯಲಿನಿಂದ ಯಾವ ಸುದ್ದಿ ಬಂದರೂ ಭಾವನ ಫೋನು ಕುರಿಯ ಹಾಗೆಯೇ ಕೂಗುತ್ತಿತ್ತು.

ಟೀಚರ ಬಾಯಿಂದ ಬಂತೆಂದು ನಾವೆಲ್ಲ ನಂಬಿದ ಆ ಕೂಗು ತಂದ ಸುದ್ದಿ ಇದು: ಕಂಪನಿಯ ಹಳೆಯ ಯಂತ್ರಗಳಿಗೆ ಭಾರ ಹೆಚ್ಚಾಗಿದೆ. ಈ ತಿಂಗಳು ಮುಗಿಯುವುದರೊಳಗೆ ಒಡೆಯರೇ ಬಂದು ಬಾಗಿಲು ತೆರೆಯದ ಮನೆಗಳನ್ನೆಲ್ಲ ಕೆಡವಿ ಮತ್ತೆ ಬಯಲು ಮಾಡಲಾಗುವುದು.

ಭಾವ ಅದನ್ನು ಓದಿಕೊಂಡು ಹಿಂದಿನ ಕೋಣೆಗೆ ಹೋದರು. ನನ್ನ ಕ್ಯಾಪನ್ನು ಉಜ್ಜಿ ತಂದು ಕೊಡುವಾಗ, ಆ ಬೀದಿ ಉಳಿಯಲೇಬೇಕು, ನೀನು ಬಂದು ನಿನ್ನ ಮನೆಯ ಬಾಗಿಲು ತೆರೆಯಬೇಕು ಎಂದರು. ತಮಗಾಗಿ ಏನನ್ನೂ ಕೇಳಿದವರಲ್ಲ. ಊಟಕ್ಕೆ ಉಪ್ಪು ಕಡಿಮೆಯಾದರೂ ನಮ್ಮ ಭಾವ ಉಪ್ಪಿನ ಡಬ್ಬಿಯನ್ನು ದೂರದಿಂದ ನೋಡುತ್ತಾ ಕೂರುತ್ತಾರೆಯೇ ಹೊರತು ಕೇಳುವುದಿಲ್ಲ. ಪ್ಲಾಸ್ಟರ್ ತರಲು ಪೇಟೆಗೆ ಹೋಗುವಾಗ ಜೊತೆಗೆ ಬಾ ಎನ್ನುವುದನ್ನೂ ಅಕ್ಕನ ಬಾಯಲ್ಲಿ ಹೇಳಿಸುತ್ತಾರೆ. ಹಾಗಾಗಿ ನಾನು ಆಗಲೇ ಕೂತು ಬಾಗಿಲು ತೆರೆದೆ. ಗೋಡೆಗಳ ನಡುವೆ ಹುಲ್ಲು ಬೆಳೆದಿತ್ತು, ಒಳಗೆ ಮಳೆ ಸುರಿಯುತ್ತಿತ್ತು. ಸೂರು ಹಾಕಿದವರ ಮನೆಯಲ್ಲೂ ಸುರಿಯುತ್ತದಾದ್ದರಿಂದ ನನ್ನ ಸೋಮಾರಿತನಕ್ಕೆ ತಡವಾಗಿಯಾದರೂ ದೂರದೃಷ್ಟಿ ಎಂಬ ಹೆಸರು ಸಿಕ್ಕಿತು.

ಡಾಕ್ಟರು ಬಂದದ್ದು ಮರುದಿನ. ಬೇರು ಬಾಗಿದ ದವಡೆಹಲ್ಲನ್ನೂ ನೋವಾಗದಂತೆ ಕೀಳುವ ಕೈ ಅದು. ಅಭ್ಯಾಸಬಲ ಎನ್ನಿ, ಮೌಸನ್ನು ಗಟ್ಟಿಯಾಗಿ ಹಿಡಿದು ಒತ್ತಿದರು. ಗೋಪುರದ ಬಾಗಿಲು ಬೇರುಸಹಿತ ಕಿತ್ತು ಬಂತು. “ಗುರುಗಳೇ, ರಕ್ತ ಬರ್ತಿಲ್ಲ ತಾನೇ?” ಎಂದು ಭಾವನನ್ನು ಕೇಳಿದರಂತೆ. ಬಾಗಿಲೇ ಇಲ್ಲದ ಮೇಲೆ ತೆರೆಯುವುದೇನನ್ನು? ಬೇರೆಯವರ ಮನೆಯನ್ನು ಮುಟ್ಟಲು ಆಟದಲ್ಲಿ ಅನುಮತಿಯಿಲ್ಲ. ಕೊನೆಗೆ ಭಾವ ಕಂಡಿಯ ಅಳತೆ ಎಣಿಸಿ ಕಟ್ಟುಹಲ್ಲಿನಂತೆ ಒಂದು ಕಟ್ಟುಬಾಗಿಲು ಮಾಡಿ ಬೀದಿಯಲ್ಲಿಟ್ಟರು. ಡಾಕ್ಟರು ಅದನ್ನೆತ್ತಿ ಕೂರಿಸಿಕೊಂಡು, ಈ ಸಲ ಒಂದೇ ಬೆರಳಲ್ಲಿ ಮುಟ್ಟಿ ತೆರೆದರು. ಕಿತ್ತವರು ಅವರು, ಕಟ್ಟಿಕೊಟ್ಟವರು ಇವರು. ಕ್ಲಿನಿಕ್ಕಿನ ವ್ಯವಹಾರವೇ ಅದು.

ಉಳಿದದ್ದು ಹಳದಿ ಬಾಗಿಲು.

ಅಕ್ಕ ಜಗ್ಗಲಿಲ್ಲ. ಪಾಸ್‌ವರ್ಡು ಮರೆತುಹೋಗಿದೆ ಎಂದಳು. ಅದು ಸುಳ್ಳು ಎಂದು ಅವರಿಬ್ಬರಿಗೂ ಗೊತ್ತಿತ್ತು. ಭಾವ ದಿನಕ್ಕೊಂದು ಸಲ, ಊಟದ ಡಬ್ಬಿ ಮುಚ್ಚುವಾಗ ಕೇಳುತ್ತಿದ್ದರು. ಅಕ್ಕನ ಉತ್ತರವೂ ಕಂಪನಿಯದರಂತೆ ಒಂದೇ: “ನನ್ನ ಗುಂಗುರು ಮೇಲೆ ಬರ್ಲಿ, ನಾನೂ ಬರ್ತೀನಿ.” ಆಟದ ಕುರಿಗೆ ಇಷ್ಟು ಹಟವೇನೇ ಎಂದು ನಾನು ರೇಗಿಸಿದ್ದಕ್ಕೆ, “ನಿನಗೇನೋ ಗೊತ್ತು? ಸೂರು ಹಾಕೋಕ್ಕೂ ಯೋಗ್ಯತೆ ಇಲ್ಲ” ಎಂದಳು. ಅದಾದ ಮೇಲೆ ನಾನು ಮಧ್ಯಸ್ಥಿಕೆ ಬಿಟ್ಟೆ.

ಅಷ್ಟರಲ್ಲಿ ಟೀಚರ್ ಮತ್ತೆ ಬಂದರು. ಕೆಳಗಿನ ಸೆಟ್ಟು ಸಡಿಲವಂತೆ, ಮಾತಾಡುವಾಗ ಏಳುತ್ತದಂತೆ. ಇದಕ್ಕೆ ಮದ್ದಿದೆ. ಸೆಟ್ಟಿನ ಅಡಿಯಲ್ಲಿ ತೆಳುವಾಗಿ ಮೆತ್ತನೆಯ ಪದರ ಹಾಕಿ, ಮತ್ತೆ ಬಾಯಿಗಿಟ್ಟು ಅಚ್ಚು ತೆಗೆದು ಗಟ್ಟಿ ಮಾಡುವುದು. ಅದರ ಮೇಲಿರುವ ಹಲ್ಲನ್ನು ಮುಟ್ಟುವುದೇ ಬೇಡ, ಎಲ್ಲ ಕೆಲಸ ಅಡಿಯಿಂದ. ಭಾವ ಆ ಪದರ ಹಾಕುತ್ತಿದ್ದವರು ಚಮಚ ಕೈಯಲ್ಲೇ ಹಿಡಿದು ಸುಮ್ಮನೆ ನಿಂತುಬಿಟ್ಟರು. ಪೇಸ್ಟು ಬಟ್ಟಲಲ್ಲೇ ಗಟ್ಟಿಯಾಯಿತು. ಬೇರೆ ಕಲಸಬೇಕಾಯಿತು.

ಅಂದಿನಿಂದ ಊಟದ ಹೊತ್ತಿನಲ್ಲಿ ಅವರು ಬೀದಿಯ ಪಕ್ಕದಿಂದ ಸುರಂಗ ತೋಡತೊಡಗಿದರು. ಅಕ್ಕನ ಮನೆಯ ನೆಲವನ್ನು ಮುಟ್ಟುವಂತಿಲ್ಲ, ಆದರೆ ನೆಲದಡಿಯ ಮಣ್ಣು ಎಲ್ಲರದೂ. ಬಯಲಿನಲ್ಲಿ ಒಂದು ವಿಚಿತ್ರವಿದೆ: ಪ್ರಾಣಿ ನಿಂತ ಜಾಗಕ್ಕೆ ಮರಳು ಬಿದ್ದರೆ, ಪ್ರಾಣಿ ಹೂತುಹೋಗುವ ಬದಲು ಮರಳಿನ ಮೇಲೆ ಬಂದು ನಿಲ್ಲುತ್ತದೆ. ಅದು ನಿಯಮವೋ ತಪ್ಪೋ ಯಾರಿಗೂ ಗೊತ್ತಿಲ್ಲ. ನೆಲದೊಳಗೆ ಇಳಿಯಲು ಬಿಟ್ಟ ತಪ್ಪು ಮೇಲೇರಲೂ ಬಿಟ್ಟೀತು ಎಂಬುದು ಭಾವನ ಲೆಕ್ಕಾಚಾರ. ಹಳ್ಳದ ದಡದಿಂದ ಮರಳು ಹೊತ್ತರು. ಜಿಗಿಯುವ ಗೆಳೆಯನೂ ಏನು ಎತ್ತ ಎಂದು ತಿಳಿಯದೆಯೇ ಹೊರಲು ಬಂದ. ಮರಳು ಹಾಕಿದರೆ ಕುರಿ ಮರಳೀತು ಎಂದು ನಾನು ಚಟಾಕಿ ಹಾರಿಸಿದೆ, ಭಾವ ನಗಲಿಲ್ಲ. ಪದರದ ಮೇಲೆ ಪದರ ಹಾಕುತ್ತಿದ್ದರು. ನಡುವೆ ಒಮ್ಮೆ ಸುರಂಗ ಕುಸಿದು ಅವರೇ ಒಳಗೆ ಸಿಕ್ಕಿಬಿದ್ದರು. ಅಂದು ಗಂಡ, ಕುರಿ ಎರಡೂ ನೆಲದಡಿಯಲ್ಲಿದ್ದರೂ ಅಕ್ಕ ಆರಾಮವಾಗಿ ಪಲ್ಯ ಬಡಿಸಿಕೊಂಡಳು.

ತಿಂಗಳ ಕೊನೆಯ ದಿನ, ಊಟದ ಹೊತ್ತು. ನಾವೆಲ್ಲ ಆ ಪುಟ್ಟ ಕೋಣೆಯಲ್ಲಿ ತುಂಬಿಕೊಂಡಿದ್ದೆವು. ಭಾವ ಸುರಂಗದಲ್ಲಿ ಒಂದೊಂದು ಪದರ ಹಾಕಿ ಬಂದು, ಹಳದಿ ಬಾಗಿಲ ಪಕ್ಕದ ಕಿಟಕಿಯಿಂದ ಒಳಗೆ ಇಣುಕುತ್ತಿದ್ದರು. ನೆಲದ ಮೇಲೆ ಎರಡು ಬಿಳಿ ತುದಿಗಳು ಕಂಡವು. ಕಿವಿಗಳು. ಅಕ್ಕ ಕೋಣೆಯ ಬಾಗಿಲ ಬಳಿ ನಿಂತಿದ್ದಳು, ನೋಡದವಳ ಹಾಗೆ ನೋಡುತ್ತಾ. ಇನ್ನೊಂದು ಪದರಕ್ಕೆ ಮೂತಿ ಬಂತು. ಇನ್ನೊಂದಕ್ಕೆ ಬೆನ್ನು, ಅದರ ಚೌಕ ಚೌಕ ಗುಂಗುರು ಉಣ್ಣೆ. ಆಮೇಲೆ ಇಡೀ ಕುರಿ ನೆಲದ ಮೇಲೆ ನಿಂತು, ಏನೂ ಆಗಿಲ್ಲವೆಂಬಂತೆ ಗೋಡೆಯತ್ತ ತಿರುಗಿ, “ಮ್ಯಾಂ” ಎಂದಿತು.

“ಏಳ್ರೀ” ಎಂದಳು ಅಕ್ಕ. “ಕೊಡಿ ಇಲ್ಲಿ.”

ಭಾವ ಎದ್ದು ಜಾಗ ಬಿಟ್ಟರು. ಮರೆತುಹೋಗಿದ್ದ ಪಾಸ್‌ವರ್ಡನ್ನು ಅವಳು ಕೀಲಿಮಣೆ ನೋಡದೆಯೇ ಒತ್ತಿದಳು. ಬಾಗಿಲ ಮುಂದೆ ನಿಂತಾಗ ಡಾಕ್ಟರು, “ಮೆಲ್ಲಗೆ, ಮೆಲ್ಲಗೆ” ಎಂದರು. ಅಕ್ಕ, “ನಾನು ಯಾರ ಹಲ್ಲೂ ಕಿತ್ತಿಲ್ಲ” ಎಂದು ಮೌಸನ್ನು ಚೂರು ಮುಟ್ಟಿದಳು. ಹಳದಿ ಬಾಗಿಲು ತೆರೆಯಿತು. ಆಮೇಲೆ ಅವಳು ಕುರಿಗೆ ಹುಲ್ಲು ಹಾಕುತ್ತಾ ಕೂತದ್ದು ಕ್ಲಿನಿಕ್ಕು ಮತ್ತೆ ತೆರೆದ ಮೇಲೂ ಮುಗಿಯಲಿಲ್ಲ. ಮುಂದಿನ ಮೇಜಿನಲ್ಲಿ ಹೆಸರು ಬರೆದುಕೊಳ್ಳಲು ನನ್ನನ್ನು ಕೂರಿಸಿದರು.

ಮರುದಿನ ಬೆಳಿಗ್ಗೆ ಭಾವ ಬಯಲಿಗೆ ಹೋಗಿ ನೋಡಿದಾಗ ಆಸುಪಾಸಿನ ಎಷ್ಟೋ ಮನೆಗಳು ಹೋಗಿ ಹುಲ್ಲು ಹಾಸಿತ್ತು. ನಮ್ಮ ಬೀದಿ ಮಾತ್ರ ಇದ್ದಂತೆಯೇ ಇತ್ತು. ಗೋಪುರ ಇತ್ತು, ನನ್ನ ಬೋಳು ಗೋಡೆಗಳಿದ್ದವು, ಹಳದಿ ಬಾಗಿಲಿತ್ತು.

ಅದೇ ವಾರ ಟೀಚರ್ ಕೊನೆಯ ಸಲ ತೋರಿಸಿಕೊಳ್ಳಲು ಬಂದರು. ಸೆಟ್ಟು ಈಗ ಬಂಡೆಯಂತೆ ಕೂತಿತ್ತು, ಮಾತು ಸ್ಫುಟವಾಗಿತ್ತು. ಕುರಿ ಹೇಗಿದೆ ಎಂದು ಅವರೇ ಕೇಳಿದರು. ಡಾಕ್ಟರಿಗೆ ಅಷ್ಟು ಸಾಕಾಯಿತು. ಇಡೀ ಕಥೆಯನ್ನು ಹೇಳಿ, ಇಂಥ ಮನುಷ್ಯರು ಇರುವುದರಿಂದಲೇ ಹಳೆಯ ಸ್ನೇಹಗಳು ಉಳಿದಿವೆ, ನಾವು ಬಿಟ್ಟುಹೋದ ಮನೆಗಳನ್ನು ಇವರೊಬ್ಬರೇ ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂದು ದನಿ ತಗ್ಗಿಸಿ ಮುಗಿಸಿದರು. ಅಕ್ಕ ಪೆನ್ನು ಕೆಳಗಿಟ್ಟು ಗಂಡನನ್ನೇ ನೋಡುತ್ತಿದ್ದಳು. ಅಂಥ ನೋಟ ನಾನು ಅವರ ಮದುವೆಯ ಫೋಟೋದಲ್ಲೂ ಕಂಡಿಲ್ಲ.

ಟೀಚರ್ ಜೀವನವಿಡೀ ಉತ್ತರವನ್ನು ಮಕ್ಕಳ ಬಾಯಿಂದಲೇ ಕೇಳಿ ಅಭ್ಯಾಸವಾದವರು. ಭಾವನತ್ತ ತಿರುಗಿ ಕೇಳಿದರು: “ಅವ್ರು ಹೇಳಿದ್ದಾಯ್ತು. ನೀವು ಹೇಳಪ್ಪಾ. ಯಾರೂ ವಾಸ ಇಲ್ಲದ ಮನೆಗಳಿಗೆ ಇಷ್ಟೆಲ್ಲ ಯಾಕೆ ಒದ್ದಾಡಿದ್ರಿ?”

ಭಾವ ಏಪ್ರನ್ನಿಗೆ ಕೈ ಒರೆಸಿಕೊಂಡರು.

“ಆ ಆಟದಲ್ಲಿ ನಕ್ಷೆ ಇಲ್ಲ ಟೀಚರ್, ನಂಗೆ ದಾರಿ ನೆನಪಿರಲ್ಲ. ಗೋಪುರ ಕಂಡ್ರೆ ನೇರ, ಇವನ ಬೋಳು ಮನೆ ಹತ್ರ ಬಲಕ್ಕೆ, ಹಳದಿ ಬಾಗಿಲಿಗೆ ಎಡಕ್ಕೆ. ಅವೆಲ್ಲ ಹೋಗ್ಬಿಟ್ರೆ ನಮ್ಮನೆ ಎಲ್ಲಿ ಅಂತ ಹುಡುಕ್ಲಿ?”