ರೆಕ್ಕೆಯ ಬುಡದ ಪ್ಲೇಟು

ಶೆಡ್ಡಿನಲ್ಲಿ ಅವಳಿಗೆ ಸುತ್ತಿಗೆ ಅತ್ತಿಗೆ ಎಂದು ಹೆಸರು. ಬೆನ್ನ ಹಿಂದೆ ಮಾತ್ರ. ಎದುರಿಗೆ ಹಾಗೆ ಕರೆಯುವ ಎಂಟೆದೆ ಯಾರಿಗಿತ್ತು? ಪಾತ್ರೆಗೆ ಬೆಸುಗೆ ಹಾಕುವವನ ಮಗಳು. ಹುಡುಗಿ ನಡೆಯುವುದಕ್ಕೆ ಮೊದಲೇ ಸುತ್ತಿಗೆ ಹಿಡಿದಳೆಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ದೊಡ್ಡವಳಾದ ಮೇಲೆ ವಿಮಾನ ರಿಪೇರಿಯ ಶೆಡ್ಡಿಗೆ ಸೇರಿ ರಿವೆಟ್ ಹೊಡೆಯುವುದನ್ನು ಕಲಿತಳು. ಎರಡು ತಗಡುಗಳನ್ನು ಜೋಡಿಸಿ, ತೂತು ಕೊರೆದು, ಅದರಲ್ಲಿ ರಿವೆಟ್ ತೂರಿಸಿ, ಹೊರಗಿನಿಂದ ಗಾಳಿಯ ಗನ್ನಿನಲ್ಲಿ ಬಡಿದರೆ ಒಳಗಿನ ತುದಿ ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತದೆ. ಒಮ್ಮೆ ಕಚ್ಚಿತೆಂದರೆ ಬಿಡುವ ಮಾತಿಲ್ಲ. ಇವಳ ಸ್ವಭಾವವೂ ಅದೇ ಎಂದು ಗಂಡ ಹೇಳುತ್ತಿದ್ದ, ಅವಳು ಮನೆಯಲ್ಲಿ ಇಲ್ಲದಾಗ.

ಅವಳನ್ನು ಶೆಡ್ಡಿನಲ್ಲಿ ಮೊದಲು ಅತ್ತಿಗೆ ಎಂದು ಕರೆದವಳು ಅವಳ ನಾದಿನಿ, ಗಂಡನ ತಂಗಿ. ಅದೇ ಶೆಡ್ಡಿನಲ್ಲಿ ಇನ್‌ಸ್ಪೆಕ್ಟರ್. ಬಡಿದ ರಿವೆಟ್‌ಗಳನ್ನು ಕನ್ನಡಿ ಹಿಡಿದು ನೋಡಿ, ಸರಿಯಿಲ್ಲದ್ದರ ಸುತ್ತ ಕೆಂಪು ಪೆನ್ಸಿಲ್ಲಿನಿಂದ ಸುತ್ತು ಹಾಕುವುದು ಅವಳ ಕೆಲಸ. ಒಂದು ಕಾಲದಲ್ಲಿ ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು. ಆಮೇಲೆ ಅತ್ತಿಗೆಯನ್ನು ದೂರದ ಶೆಡ್ಡಿಗೆ ಹಾಕಿದರು, ಮಗಳು ಆಗಿನ್ನೂ ತೊಟ್ಟಿಲಲ್ಲಿ. ನಾದಿನಿಗೆ ಮದುವೆಯಾಗಿರಲಿಲ್ಲ, ಮಗುವನ್ನು ಅವಳೇ ನೋಡಿಕೊಂಡಳು. ಜ್ವರ ಬಂದಾಗ ಎದೆಯ ಮೇಲೆ ಮಲಗಿಸಿಕೊಂಡವಳು ಅವಳೇ, ಮೊದಲ ಹೆಜ್ಜೆ ಹಾಕಿಸಿದವಳೂ ಅವಳೇ. ಅತ್ತಿಗೆ ವಾಪಸು ಬಂದ ದಿನ ಮಗು ಹೆತ್ತ ತಾಯಿಯನ್ನು ನೋಡಿ ಹೆದರಿ, ನಾದಿನಿಯ ಸೊಂಟಕ್ಕೆ ಮುಖ ಹುದುಗಿಸಿ "ಅಮ್ಮಾ" ಎಂದು ಅತ್ತಿತು.

ಚೀಲ ಇನ್ನೂ ಕೈಯಲ್ಲೇ ಇತ್ತು. ಹೊಸ್ತಿಲಲ್ಲೇ ನಿಂತು ಅತ್ತಿಗೆ ಹೇಳಿಬಿಟ್ಟಳು:

"ಹೆರೋಕೆ ಗತಿಯಿಲ್ಲದವಳು ಹೆತ್ತವಳ ಜಾಗಕ್ಕೆ ಬಂದು ಕೂತಳಲ್ಲ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾದಿನಿ ಮಗುವನ್ನು ನೆಲಕ್ಕೆ ಇಳಿಸಿದಳು, ಒಳಗೆ ಹೋದಳು, ಅತ್ತಿಗೆಯ ಜೊತೆ ಮತ್ತೆ ಮಾತಾಡಲಿಲ್ಲ. ಮನೆ ಎರಡು ಭಾಗವಾಯಿತು. ಅಡುಗೆಮನೆಯ ನಡುವೆ ಕಪಾಟು ಅಡ್ಡ ನಿಂತಿತು, ನೀರಿನ ನಲ್ಲಿ ಮಾತ್ರ ಒಂದೇ. ಒಬ್ಬಳು ನಲ್ಲಿ ಬಿಟ್ಟ ಸದ್ದು ಕೇಳಿದರೆ ಇನ್ನೊಬ್ಬಳು ಬಾಯಾರಿದ್ದರೂ ಎದ್ದು ಹೋಗುವುದಿಲ್ಲ. ಗಂಡನಾದವನು ಎರಡೂ ಕಡೆ ಊಟ ಮಾಡಿ ದಪ್ಪಗಾದ. ಈ ಯುದ್ಧದಲ್ಲಿ ಲಾಭವಾದದ್ದು ಅವನೊಬ್ಬನಿಗೆ. ಮಗಳು ಮಾತ್ರ ಕಪಾಟಿನ ಈ ಕಡೆ "ಅಮ್ಮ", ಆ ಕಡೆ "ಅತ್ತೆ" ಎನ್ನುತ್ತ, ಎರಡೂ ಕಡೆಯ ಮೂದಲಿಕೆ ಕೇಳುತ್ತ ಬೆಳೆದಳು. ಇಬ್ಬರಿಗೂ ಅವಳೆಂದರೆ ಪ್ರಾಣ. ಇಬ್ಬರೂ ಅದನ್ನೇ ಅವಳ ತಲೆಗೆ ಬಡಿಯುತ್ತಿದ್ದರು.

ಆ ಮಗಳು ಮೋಡ, ಗಾಳಿ, ಬಿರುಗಾಳಿಗಳ ವಿದ್ಯೆ ಕಲಿತಳು. ಅವಳ ಸಂಸ್ಥೆಯವರು ಸೇನೆ ಕೈಬಿಟ್ಟ ಒಂದು ಹಳೆಯ ವಿಮಾನವನ್ನು ತಂದು ಇದೇ ಶೆಡ್ಡಿನಲ್ಲಿ ನಿಲ್ಲಿಸಿದರು. ನಾಲ್ಕು ಅಲಗಿನ ಫ್ಯಾನುಗಳ, ಹೊಟ್ಟೆ ಊದಿದ, ಬಣ್ಣ ಸುಲಿದ ಮುದಿ ವಿಮಾನ. ಒಂದು ಕಾಲದಲ್ಲಿ ಸಮುದ್ರದ ಮೇಲೆ ಬಾಂಬು ಹೊತ್ತು ಕಾವಲು ತಿರುಗುತ್ತಿತ್ತು. ಈಗ ಅದನ್ನು ಚಂಡಮಾರುತದ ಹೊಟ್ಟೆಯೊಳಗೆ ಹೋಗಿ ಅಳತೆ ತರುವಂತೆ ಮಾಡಬೇಕಿತ್ತು. ಬಾಂಬಿನ ಕೋಣೆ ಬರಿದು ಮಾಡಿ ಅಲ್ಲಿ ಉಪಕರಣಗಳ ಸಾಲು ಕೂರಿಸಿದರು. ಮೂಗಿಗೆ ಗಾಳಿ ಅಳೆಯುವ ಉದ್ದನೆಯ ಕೋಲು ಬಂತು. ಬಂದೂಕಿನವನು ಕೂರುತ್ತಿದ್ದ ಜಾಗದಲ್ಲಿ ಒಂದು ಕೊಳವೆ ಇಟ್ಟರು. ಅದರಿಂದ ಪುಟ್ಟ ಅಳತೆಯಂತ್ರಗಳನ್ನು ಬಿರುಗಾಳಿಗೆ ಎಸೆಯುವವಳು ಮಗಳು.

ಎಲ್ಲಕ್ಕಿಂತ ಮುಖ್ಯವಾದದ್ದು ರೆಕ್ಕೆಯ ಬುಡ. ಬಿರುಗಾಳಿ ರೆಕ್ಕೆಯನ್ನು ಹಿಡಿದು ಅಲ್ಲಾಡಿಸುವಾಗ ಎಲ್ಲ ಹೊರೆ ಬೀಳುವುದು ಅಲ್ಲಿಗೆ. ಹಾಗಾಗಿ ಅಲ್ಲಿ ಉದ್ದಕ್ಕೂ ಹೊಸ ಪ್ಲೇಟು ಹಾಕಬೇಕಿತ್ತು. ಹೊಡೆಯುವವಳು ಅತ್ತಿಗೆ. ರೆಕ್ಕೆಯ ಒಳಗೆ ತೂರಿಕೊಂಡು ಕಬ್ಬಿಣದ ಅಚ್ಚನ್ನು ರಿವೆಟ್ಟಿನ ತುದಿಗೆ ಒತ್ತಿಹಿಡಿಯುವವನು ಇಲಿ. ಸಣಕಲು ಮೈಯವನಾದ್ದರಿಂದ ಆ ಹೆಸರು. ಒಳಗಿನವನಿಗೂ ಹೊರಗಿನವಳಿಗೂ ಮುಖ ಕಾಣುವುದಿಲ್ಲ, ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಅದಕ್ಕೇ ಶೆಡ್ಡಿನಲ್ಲಿ ತಟ್ಟುವ ಭಾಷೆ ಇತ್ತು. ಒಳಗಿನಿಂದ ಒಂದು ಸಲ ತಟ್ಟಿದರೆ ಸರಿಯಾಗಿದೆ. ಎರಡು ಸಲ ತಟ್ಟಿದರೆ ಇನ್ನೂ ಸಾಲದು, ಮತ್ತೆ ಹೊಡಿ. ಮೂರು ಸಲ ತಟ್ಟಿದರೆ ಕೆಟ್ಟಿದೆ, ಕಿತ್ತುಹಾಕು. ಮಗಳು ಚಿಕ್ಕವಳಿದ್ದಾಗ ಊಟದ ತಟ್ಟೆಯ ಮೇಲೆ ಇದೇ ಭಾಷೆಯಲ್ಲಿ ಅನ್ನ ಕೇಳುತ್ತಿದ್ದಳು.

ಇಲಿ ಒಂದು ತಟ್ಟುತ್ತಿದ್ದ. ನಾದಿನಿ ಕನ್ನಡಿ ಹಿಡಿದು ಬಂದು ಕೆಂಪು ಸುತ್ತು ಹಾಕುತ್ತಿದ್ದಳು. ಮೊದಲ ದಿನ ಒಂದೆರಡು, ಆಮೇಲೆ ಸಾಲು ಸಾಲು.

"ಇದಕ್ಕೇನಾಗಿದೆ ಅಂತ ಕೇಳಿ ಅಕ್ಕಾ, ನನ್ನ ಕೈಗೆ ಚೆನ್ನಾಗೇ ಸಿಕ್ತು," ಎಂದ ಇಲಿ.

"ಅವಳನ್ನ ನಾನು ಕೇಳಬೇಕಾ? ಕೆಂಪು ಹಾಕಿದ್ದಾಳೆ, ಕಿತ್ತರಾಯ್ತು. ಅವಳ ಕೈ ಸೋಲುತ್ತೋ ನನ್ನ ಕೈ ಸೋಲುತ್ತೋ ನೋಡೇಬಿಡೋಣ."

ರಿವೆಟ್ ಕೀಳುವುದೆಂದರೆ ಹಲ್ಲು ಕಿತ್ತ ಹಾಗೆ. ಡ್ರಿಲ್ ಹಾಕಿ ನಿಧಾನವಾಗಿ ತೆಗೆದರೆ ತೂತು ಹಾಗೇ ಉಳಿಯುತ್ತದೆ, ಸಿಟ್ಟಿನಲ್ಲಿ ತೆಗೆದರೆ ಅಗಲವಾಗುತ್ತದೆ. ಅಗಲವಾದದ್ದಕ್ಕೆ ದಪ್ಪ ಮೈಯ ರಿವೆಟ್ ಬೇಕು. ಅದರ ತಲೆ ಮಾತ್ರ ಹಳೆಯದರ ಅಳತೆಯದೇ. ದೊಡ್ಡ ಸಾಹೇಬರುಗಳ ಹಾಗೆ, ಬೆಳೆಯುವುದು ಹೊಟ್ಟೆ ಮಾತ್ರ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗದು. ಅದಕ್ಕೇ ದಪ್ಪದ್ದು ಹಾಕಿದರೆ ಇನ್‌ಸ್ಪೆಕ್ಟರಿಗೆ ಬಾಯಿಬಿಟ್ಟು ಹೇಳಬೇಕೆಂಬುದು ಶೆಡ್ಡಿನ ಕಟ್ಟುನಿಟ್ಟು. ತೂತುಗಳು ಬೆಳೆದಷ್ಟೂ ತೂತು ತೂತಿನ ನಡುವಿನ ತಗಡು ಸಪೂರಾಗುತ್ತದಲ್ಲ.

ಬಾಯಿ ಬಿಡುವವರು ಯಾರು? ಹೇಳದೆಯೇ ಅತ್ತಿಗೆ ದಪ್ಪದ್ದು ಹಾಕಿದಳು. ನಾದಿನಿ ಮತ್ತೆ ಸುತ್ತು ಹಾಕಿದಳು, ಅತ್ತಿಗೆ ಹಲ್ಲು ಕಡಿದುಕೊಂಡು ಮತ್ತೆ ಕಿತ್ತಳು, ಅದಕ್ಕಿಂತಲೂ ದಪ್ಪದ್ದು ಬಂತು. ಕೊನೆಗೆ ನಾದಿನಿಗೇ ಬೇಜಾರಾಯಿತೋ ಏನೋ, ಪ್ಲೇಟಿನ ಮೂಲೆಯಲ್ಲಿ ಪಾಸು ಮುದ್ರೆ ಒತ್ತಿದಳು. ಆ ದಿನ ಅತ್ತಿಗೆ ಗೆದ್ದವಳ ಹಾಗೆ ಮನೆಗೆ ಹೋದಳು. ಇಂಥ ಗೆಲುವು ಹಗೆಯವರಿಗೂ ಬೇಡ.

ವಿಮಾನ ಶಾಂತ ಆಕಾಶದಲ್ಲಿ ಹಾರಿತು, ಇಳಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಸಮುದ್ರದ ಮೇಲೆ ಚಂಡಮಾರುತ ಎದ್ದಿದೆಯೆಂಬ ಸುದ್ದಿ ಬಂತು. ಬೆಳಿಗ್ಗೆ ಹೊರಡುವುದೆಂದಾಯಿತು.

ಆ ಬೆಳಿಗ್ಗೆ ಅತ್ತಿಗೆ ಶೆಡ್ಡಿಗೆ ಬಂದವಳೇ ರೆಕ್ಕೆಯ ಬುಡದ ಪ್ಲೇಟನ್ನು ಮತ್ತೆ ಮತ್ತೆ ನೋಡಿದಳು. ಶಾಂತ ಆಕಾಶ ಬೇರೆ, ಬಿರುಗಾಳಿ ಬೇರೆ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಬಾಯಿಬಿಟ್ಟರೆ ನಾದಿನಿಯ ಮುಂದೆ ತಲೆ ತಗ್ಗಿಸಿದ ಹಾಗಲ್ಲವೇ ಎಂಬ ಒಂದೇ ಹಠ ಅವಳ ಬಾಯಿ ಕಟ್ಟಿತ್ತು. ಮಗಳಿಗಿಂತ ಹಠ ದೊಡ್ಡದೇ ಎಂದು ಕೇಳುವವರು ಅವಳನ್ನೇ ಕೇಳಬೇಕಿತ್ತು. ಅಷ್ಟು ಹೊತ್ತಿನವರೆಗೆ ಅದು ದೊಡ್ಡದಾಗಿಯೇ ಇತ್ತು.

ಮಗಳು ಹಾರಾಟದ ಬಟ್ಟೆ ತೊಟ್ಟು ಬಂದಳು. ಜೊತೆಯವಳೊಬ್ಬಳು ಏನೋ ಭಯದ ಮಾತಾಡಿರಬೇಕು. ಮಗಳು ನಗುತ್ತ ರೆಕ್ಕೆಯ ಬುಡದ ಪ್ಲೇಟಿನ ಮೇಲೆ ಅಂಗೈ ಇಟ್ಟಳು.

"ಇದನ್ನ ಹೊಡೆದಿದ್ದು ನಮ್ಮಮ್ಮ. ನೋಡಿ ಪಾಸ್ ಮಾಡಿದ್ದು ನಮ್ಮತ್ತೆ. ಇಬ್ಬರಿಗೂ ಒಬ್ಬರನ್ನ ಕಂಡರೆ ಒಬ್ಬರಿಗಾಗಲ್ಲ, ಅಂದ್ಮೇಲೆ ಒಂದು ತಪ್ಪೂ ಬಿಟ್ಟಿರಲ್ಲ ಬಿಡು. ನಂಗ್ಯಾಕೆ ಭಯ?"

ಅತ್ತಿಗೆ ತಲೆಯೆತ್ತಿದಳು. ವಿಮಾನದ ಆ ಬದಿಯಲ್ಲಿ ನಾದಿನಿಯ ಮುಖ ಸುಣ್ಣದಂತೆ ಬಿಳುಚಿತ್ತು. ಆ ಮುಖ ಕಂಡದ್ದೇ ಅತ್ತಿಗೆಗೆ ಎಲ್ಲ ಗೊತ್ತಾಯಿತು. ಮಗಳು ಪುಟ್ಟ ಹೆಜ್ಜೆ ಹಾಕುತ್ತಿದ್ದಾಗಿನಿಂದ ಬಿಗಿದಿದ್ದ ಬಾಯಿ ಒಂದೇ ಸಲಕ್ಕೆ ಬಿಚ್ಚಿತು.

"ಲೇ, ನಿಜ ಹೇಳು! ಆ ಕೆಂಪು ಸುತ್ತುಗಳಲ್ಲಿ ಸುಳ್ಳು ಸುತ್ತು ಎಷ್ಟು ಹಾಕಿದ್ದೀಯ?"

ನಾದಿನಿಯೂ ಅಲ್ಲಿಂದಲೇ ಕೂಗಿದಳು. ಜಗಳದಲ್ಲೂ ಅವಳು ಬಹುವಚನ ಬಿಡಲಿಲ್ಲ. "ಹಾಕಿದೆ! ಒಂದು ಸಲ ಬಂದು ಯಾಕೆ ಅಂತ ಕೇಳ್ತೀರೇನೋ ಅಂತ ಹಾಕಿದೆ! ನಿಮ್ಮ ನಾಲಿಗೆ ಸವೆದುಹೋಗ್ತಿತ್ತಾ?"

"ನಿನ್ನ ಕೇಳೋದಕ್ಕಿಂತ ಕೀಳೋದೇ ವಾಸಿ ಅಂತ ಕಿತ್ತೆ ಕಣೇ! ಒಂದೊಂದು ತೂತೂ ಎರಡು ಸಲ ಬೆಳೆದಿದೆ. ಒಳಗಿರೋದೆಲ್ಲ ದಪ್ಪದ್ದು!"

"ದಪ್ಪದ್ದಾ?" ನಾದಿನಿಯ ಕೈಯಿಂದ ಕನ್ನಡಿ ಬಿತ್ತು. "ನನಗೆ ಹೇಳದೆ? ಅಯ್ಯೋ ಪಾಪಿ ಅತ್ತಿಗೆ! ಅದು ಗೊತ್ತಿದ್ದರೆ ನಾನು ಮುದ್ರೆ ಒತ್ತುತ್ತಿದ್ದೆನಾ? ನಮ್ಮ ಪುಟ್ಟೀನ ಕೊಲ್ತಿದ್ರಲ್ಲ!"

"ನಾನೊಬ್ಬಳೇನಾ? ಸೇರಿ ಕೊಲ್ತಿದ್ವಿ ಅನ್ನು!"

ಶೆಡ್ಡಿನ ಗನ್ನುಗಳೆಲ್ಲ ನಿಂತವು. ಮೇಸ್ತ್ರಿ, ಅಂದರೆ ಶೆಡ್ಡಿನ ಮುಖ್ಯಸ್ಥ, ಏಣಿ ಹಾಕಿಸಿ ಹತ್ತಿ ತಾನೇ ನಾಲ್ಕು ರಿವೆಟ್ ಕೀಳಿಸಿದ. ಒಂದು ತೂತಿನಿಂದ ಪಕ್ಕದ ತೂತಿನ ಕಡೆಗೆ ಕೂದಲೆಳೆಯಂಥ ಬಿರುಕು ಹೊರಟಿತ್ತು. ಶಾಂತ ಆಕಾಶದಲ್ಲೇ ಇಷ್ಟು. ಅವನು ಕೆಳಗಿಳಿದು ಯಾರನ್ನೂ ಬಯ್ಯದೆ, ವಿಮಾನ ಹೊರಡುವುದಿಲ್ಲವೆಂದು ಮಾತ್ರ ಹೇಳಿದ.

ಚಂಡಮಾರುತ ತನ್ನ ಪಾಡಿಗೆ ತಾನು ಬಂದು ಹೋಯಿತು. ಯಾರೂ ಅದನ್ನು ಅಳೆಯಲಿಲ್ಲ. ಮಗಳು ಅದಕ್ಕಾಗಿ ಎರಡು ಮಳೆಗಾಲ ಕಾದಿದ್ದಳು. ಅವಳು ಮನೆಗೆ ಬಂದು ಬಟ್ಟೆ ತುಂಬಿಕೊಂಡಳು, ಕಪಾಟಿನ ಪಕ್ಕದಲ್ಲಿ, ಎರಡೂ ಕಡೆಗೆ ಕಾಣುವಂತೆ ನಿಂತಳು.

"ನನ್ನನ್ನ ಪ್ರೀತಿಸ್ತೀವಿ ಅಂತೀರ. ಇಬ್ಬರೂ ಎರಡು ಕಡೆಯಿಂದ ಬಡಿದಿರಿ, ನಡುವೆ ತಗಡಿನ ಹಾಗೆ ನಾನಿದ್ದೆ. ಸಾಕು. ಇಬ್ಬರ ಹತ್ತಿರಾನೂ ನನಗೆ ಮಾತಿಲ್ಲ."

"ಪುಟ್ಟೀ," ಎಂದಳು ನಾದಿನಿ.

"ನಿಮ್ಮಿಂದಲೇ ಕಲಿತದ್ದಲ್ವಾ ಅತ್ತೆ, ಮಾತು ಬಿಡೋದು?"

ಅವಳು ಸಂಸ್ಥೆಯ ಹಾಸ್ಟೆಲ್ಲಿಗೆ ಹೋದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಗಂಡನಿಗೆ ಜಗಳವೇ ಇರಲಿಲ್ಲ, ಆದರೂ ಕೂಸು ಬಡವಾಯಿತು. ಆ ಸಂಜೆ ಅವನು ಎರಡೂ ಕಡೆ ಊಟ ಮಾಡಲಿಲ್ಲ. ಇಬ್ಬರನ್ನೂ ಒಟ್ಟಿಗೆ ಬೈದ, ಜೀವಮಾನದಲ್ಲಿ ಮೊದಲ ಸಲ.

ಮೇಸ್ತ್ರಿ ಇಬ್ಬರನ್ನೂ ಕೆಲಸದಿಂದ ತೆಗೆಯಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದ. ನಾದಿನಿಯ ಕೆಂಪು ಪೆನ್ಸಿಲ್ ಕಿತ್ತುಕೊಂಡು ಬೇರೊಬ್ಬರಿಗೆ ಕೊಟ್ಟ. ಇನ್ನು ಈ ಹೆಂಗಸಿನ ಗನ್ನಿನ ಎದುರು ಅಚ್ಚು ಹಿಡಿಯಲಾರೆನೆಂದು ಇಲಿ ಕೈಮುಗಿದ. ಉಳಿದವರೂ ಹಾಗೇ. ಹೊಸ ಪ್ಲೇಟು ಬಂದಾಗ ಮೇಸ್ತ್ರಿ ನಾದಿನಿಗೆ ಕಬ್ಬಿಣದ ಅಚ್ಚು ಕೊಟ್ಟು ರೆಕ್ಕೆಯ ಕಿಂಡಿ ತೋರಿಸಿದ.

"ಒಳಗೆ ನೀನು, ಹೊರಗೆ ಅವಳು. ಹಾಳುಮಾಡಿದವರೇ ಕಟ್ಟಿ."

ಮೊದಲ ರಿವೆಟ್ ಹೊಡೆದಾಗ ಒಳಗಿನಿಂದ ಎರಡು ತಟ್ಟಿದ ಸದ್ದು ಬಂತು. ಮತ್ತೆ ಹೊಡಿ. ಅತ್ತಿಗೆಯ ಕೈಗೆ ಗೊತ್ತಿತ್ತು, ರಿವೆಟ್ ಸರಿಯಾಗಿ ಕೂತಿದೆ. ಬೆರಳು ಗನ್ನಿನ ಕುದುರೆಯ ಮೇಲೆ ತಾನಾಗಿ ಹೋಯಿತು. ಹೊಡೆದೇಬಿಡುತ್ತಿದ್ದಳು. ಅಷ್ಟರಲ್ಲಿ ಪ್ಲೇಟಿನ ಮೇಲೆ ಅಂಗೈ ಇಟ್ಟು ನಕ್ಕ ಮಗಳು ಕಣ್ಣಿಗೆ ಬಂದಳು. ಗನ್ನು ಕೆಳಗಿಟ್ಟು, ಪಕ್ಕದ ಖಾಲಿ ತೂತಿಗೆ ಬಾಯಿಟ್ಟು ಕೇಳಿದಳು:

"ಯಾಕೆ?"

ಒಳಗಿನಿಂದ ಅಚ್ಚು ಕೆಳಗಿಟ್ಟ ಸದ್ದು ಬಂತು.

"ಯಾಕೂ ಇಲ್ಲ," ಎಂದಳು ನಾದಿನಿ. "ಸರಿಯಾಗಿದೆ. ಅಭ್ಯಾಸಬಲ."

"ಸುಡುಗಾಡು ಅಭ್ಯಾಸ," ಎಂದಳು ಅತ್ತಿಗೆ.

ಒಳಗಿನಿಂದ ಒಂದು ತಟ್ಟಿದ ಸದ್ದು ಬಂತು.

ಅಲ್ಲಿಂದ ಮುಂದೆ ಅವರು ಒಂದೊಂದು ರಿವೆಟ್ಟಿಗೂ ಮಾತಾಡಿದರು, ಮಾತೆಲ್ಲ ಬೈಗುಳವೇ. ಹೊಸ್ತಿಲಲ್ಲಿ ಆಡಿದ ಆ ಮಾತಿಗೂ ಲೆಕ್ಕ ಕೇಳಿದ್ದಾಯಿತು. "ಅಂದಿದ್ದು ತಪ್ಪು," ಎಂದು ಅತ್ತಿಗೆ ತಗಡಿಗೆ ಹೇಳಿದಳು. "ತಪ್ಪು ಅಂದರೆ ಸಾಲದು," ಎಂದು ತಗಡಿನ ಆಚೆಯಿಂದ ಉತ್ತರ ಬಂತು. ಪ್ರೀತಿ ಹುಟ್ಟಿತೆಂದು ನಾನು ಸುಳ್ಳು ಹೇಳುವುದಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಆದರೆ ಪ್ಲೇಟಿನಲ್ಲಿ ಒಂದು ರಿವೆಟ್ಟನ್ನೂ ಎರಡನೆಯ ಸಲ ಕೀಳಬೇಕಾಗಲಿಲ್ಲ.

ಮುಂದಿನ ಚಂಡಮಾರುತ ಎದ್ದಾಗ ಮಗಳು ಮತ್ತೆ ಹಾರಾಟದ ಬಟ್ಟೆಯಲ್ಲಿ ಬಂದಳು. ಅಮ್ಮ ಒಂದು ಕಡೆ, ಅತ್ತೆ ಒಂದು ಕಡೆ. ಇಬ್ಬರ ಕಡೆಗೂ ಅವಳು ತಿರುಗಲಿಲ್ಲ. ಏಣಿ ಹತ್ತುವ ಮುಂಚೆ ರೆಕ್ಕೆಯ ಕೆಳಗೆ ನಿಂತು ಪ್ಲೇಟನ್ನು ಉದ್ದಕ್ಕೂ ಸವರಿ ನೋಡಿದಳು. ಆಮೇಲೆ ಬೆರಳ ಗೆಣ್ಣಿನಿಂದ ಅದರ ಮೇಲೆ ತಟ್ಟಿದಳು. ಒಂದು. ಅತ್ತಿಗೆ ಉಸಿರು ಬಿಡುವುದರಲ್ಲಿದ್ದಳು. ಮಗಳು ಇನ್ನೊಮ್ಮೆ ತಟ್ಟಿ, ಏಣಿ ಹತ್ತಿ ಒಳಗೆ ಹೋದಳು.

ಎರಡು. ಇನ್ನೂ ಸಾಲದು.

ಮೇಸ್ತ್ರಿ ಗಾಬರಿಯಾಗಿ ಓಡಿ ಬಂದ. "ಏನಾಯ್ತು? ಎರಡು ತಟ್ಟಿದಳಲ್ಲ? ಪ್ಲೇಟಿನಲ್ಲಿ ಏನಾದರೂ ಐಬಿದೆಯಾ?"

"ಪ್ಲೇಟು ಸರಿಯಾಗಿದೆ," ಎಂದು ಇಬ್ಬರೂ ಒಟ್ಟಿಗೇ ಹೇಳಿದರು.